ಸಿಂಹಗಡಕ್ಕಿಂತ ಅಜ್ಜಿಮನೆ ಜಗಲಿ ಎತ್ತರವೇ?

ಪುಣೆಯ ಹತ್ತಿರದ ಸಿಂಹಗಡ ಕೋಟೆಯ ಮೇಲೆ ನಿಮಿಷಕ್ಕೆ 23 ಸಲ ಟಿಕ್ ಎಂದ, ವಿಕಿರಣ ಎಣಿಸುವ ನನ್ನ ಗೈಗರ್ ಕೌಂಟರ್, ಕೋಲಾರದ ಹತ್ತಿರ ನಮ್ಮಜ್ಜಿ ಮನೆಯ ಜಗಲಿಯಲ್ಲಿ 38 ಸಲ ಎಂದಿತು. ಗಡ ಇರುವುದು ಸುಮಾರು 1,300 ಮೀಟರ್ ಎತ್ತರದಲ್ಲಿ, ಕೋಲಾರ 800 ಚಿಲ್ಲರೆ. ಮೇಲೆ ಹೋದಷ್ಟೂ, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ಜಾಸ್ತಿ ಎಂದು ಓದಿಕೊಂಡು, ವಿಕಿರಣ ತಟ್ಟಿದರೆ ಮಿಡಿಯುವ, ಹಳೇ ಸೋವಿಯತ್ ಕಾಲದ ಎಸ್‌ಬಿಎಂ-20 ಕೊಳವೆ ತರಿಸಿ, ಪುಣೆಯ ಬುಧವಾರ ಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದು ಬಿಡಿಭಾಗ ಕೂಡಿಸಿ ಡಬ್ಬಿ ಕಟ್ಟಿದವನಿಗೆ ಒಳ್ಳೇ ಕಪಾಳಮೋಕ್ಷ.

ಡಬ್ಬಿ ಸರಿಯಾಗಿಯೇ ಇತ್ತು. ಜಗಲಿಗೆ ಹಾಸಿದ್ದು ಗ್ರಾನೈಟ್ ಚಪ್ಪಡಿ. ಅದರಲ್ಲಿ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಇದ್ದೇ ಇರುತ್ತವೆ; ಸಹ್ಯಾದ್ರಿಯ ಕರಿ ಬಸಾಲ್ಟಿನಲ್ಲಿ ಅವು ಬಹಳ ಕಡಿಮೆ. ಆಕಾಶ ಎಣಿಸುತ್ತೇನೆಂದು ಹೊರಟವನು ಕಾಲಡಿಯ ಕಲ್ಲು ಎಣಿಸಿಕೊಂಡು ಬಂದಿದ್ದೆ.

ನೂರು ವರ್ಷದ ಹಿಂದಿನವರಿಗೂ ಇದೇ ತಲೆನೋವು. ಥಿಯೊಡೋರ್ ವುಲ್ಫ್ 1910ರಲ್ಲಿ ಐಫೆಲ್ ಗೋಪುರ ಹತ್ತಿ ವಿಕಿರಣ ಅಳೆದರು. ದೊಮೆನಿಕೊ ಪಾಚೀನಿ ಉಪಕರಣವನ್ನು ಸಮುದ್ರದ ನೀರಿನೊಳಗೇ ಇಳಿಸಿದರು. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5 ಕಿಲೋಮೀಟರ್ ದಾಟಿ ಏರಿದಾಗ, ಇದು ಮೇಲಿಂದಲೇ ಬರುತ್ತಿದೆ ಎನ್ನುವುದು ಗಟ್ಟಿಯಾಯಿತು. ನನಗೆ ಬಲೂನು ಎಲ್ಲಿಂದ ಬರಬೇಕು? ಪಾಚೀನಿಯ ದಾರಿ ಅಗ್ಗದ್ದು. ಮುಂಬೈಗೆ ಹೋಗಿ ಗೇಟ್‌ವೇ ಬಳಿ ಎಲಿಫೆಂಟಾ ಲಾಂಚ್ ಹತ್ತಿದೆ. ದಡದಲ್ಲಿ 22 ಇದ್ದದ್ದು ನಡುನೀರಿನಲ್ಲಿ 13ಕ್ಕೆ ಇಳಿಯಿತು. ನೆಲದ ಪಾಲನ್ನು ನೀರು ನುಂಗಿತ್ತು. ಉಳಿದದ್ದರಲ್ಲಿ ಹೆಚ್ಚಿನದು ಆಕಾಶದ್ದು, ಚೂರು ಕೊಳವೆಯದೇ ಗದ್ದಲ.

ಆದರೆ ಸಿಂಹಗಡಕ್ಕೆ ಲಾಂಚ್ ಹೋಗುವುದಿಲ್ಲವಲ್ಲ. ಅದಕ್ಕೆ ಎರಡು ಕೊಳವೆ ಬೇಕು, ಒಂದರ ಮೇಲೊಂದು. ಕಲ್ಲಿನಿಂದ ಬರುವ ಗಾಮಾ ಕಿರಣ ಸಾಮಾನ್ಯವಾಗಿ ಒಂದನ್ನು ತಟ್ಟಿ ಸುಮ್ಮನಾಗುತ್ತದೆ. ವಿಶ್ವಕಿರಣ ಗಾಳಿಗೆ ಬಡಿದಾಗ ಹುಟ್ಟಿ ಮೇಲಿಂದ ಬರುವ ಮ್ಯೂಆನ್ ಎಂಬ ಕಣ ಎರಡನ್ನೂ ತೂರಿಕೊಂಡು ಹೋಗುತ್ತದೆ. ಎರಡೂ ಒಟ್ಟಿಗೆ ಟಿಕ್ ಎಂದರೆ ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಹಲಗೆಗೆ ಹೇಳಿಕೊಟ್ಟೆ.

ಮೊದಲ ರಾತ್ರಿಯೇ ನಿಮಿಷಕ್ಕೆ 15 ಜೋಡಿ! ಖುಷಿಪಡುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಕೊಳವೆಗಳನ್ನು ಬಿಡಿಸಿ ಮೇಜಿನ ಮೇಲೆ ಒಂದು ಮೊಳ ದೂರ ಇಟ್ಟೆ. ಎಣಿಕೆ ಸೊನ್ನೆಯ ಹತ್ತಿರ ಬರಬೇಕಿತ್ತು, ಜಗ್ಗಲಿಲ್ಲ. 400 ವೋಲ್ಟಿನ ಒಂದೇ ತಂತಿಯಿಂದ ಎರಡಕ್ಕೂ ಕೊಟ್ಟಿದ್ದೆ. ಒಂದು ಮಿಡಿದರೆ ಅದರ ಅಲುಗಾಟಕ್ಕೆ ಇನ್ನೊಂದೂ ಮಿಡಿದಂತೆ ಕಾಣುತ್ತಿತ್ತು. ಪ್ರತಿ ಕೊಳವೆಗೂ ಅದರದೇ ರೆಸಿಸ್ಟರ್ ಹಾಕಿ, ತಂತಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ ಅರ್ತ್ ಮಾಡಿದ ಮೇಲೆ ದಾರಿಗೆ ಬಂತು. ಮತ್ತೆ ಮೂರು ಸೆಂಟಿಮೀಟರ್ ಅಂತರದಲ್ಲಿ ಒಂದರ ಮೇಲೊಂದು ಕೂರಿಸಿದಾಗ ಸಿಕ್ಕಿದ್ದು ನಿಮಿಷಕ್ಕೆ ಎರಡೇ ಎರಡು.

ಎರಡು ಎಂದರೆ ತಾಳ್ಮೆಯ ಕೆಲಸ. ಎಣಿಸಿದ್ದು ನೂರಾದರೆ ಹತ್ತು ಆಚೀಚೆ ಆಗುವುದು ಸಹಜ. ಹತ್ತು ಸಾವಿರವಾದರೆ ಆಚೀಚೆ ಬರೀ ನೂರು. ಅರ್ಧ ಗಂಟೆ ಎಣಿಸಿ ಎತ್ತರದ ವ್ಯತ್ಯಾಸ ಹೇಳುವವರನ್ನು ನಾನಂತೂ ಈಗ ನಂಬುವುದಿಲ್ಲ. ಮುಂಬೈಯ ಮಾಟುಂಗದಲ್ಲಿ ಮಾವನ ಕಟ್ಟಡದ ಟೆರೇಸಿನ ಮೇಲೆ ಮೂರು ದಿನ ಇಟ್ಟೆ. ಮಾವ ದಿನಾ ಸಂಜೆ ಬಂದು ನೋಡುತ್ತಿದ್ದರು. "ಏನಪ್ಪಾ, ಮಳೆ ಹನಿ ಎಣಿಸ್ತಾ ಕೂತಿದ್ದೀಯಾ?" ನಿಜವಾದ ಮಳೆ ಬಂದ ದಿನ ತೇವಕ್ಕೆ ಹೈ ವೋಲ್ಟೇಜ್ ಸೋರಿ ಎಣಿಕೆ ಹುಚ್ಚೆದ್ದಿತು. ಆ ದಿನದ್ದನ್ನು ಬಿಟ್ಟುಬಿಟ್ಟೆ. ಆಮೇಲೆ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಸೇರಿತು.

ಸಮುದ್ರಮಟ್ಟದ ಮಾಟುಂಗದಲ್ಲಿ ನಿಮಿಷಕ್ಕೆ 2.0, ಸುಮಾರು 560 ಮೀಟರಿನ ಪುಣೆಯಲ್ಲಿ ಮೂರು ದಿನಕ್ಕೆ 2.1ರ ಮೇಲೆ. ಸಿಂಹಗಡದಲ್ಲಿ ರಾತ್ರಿ ಇರಲು ಬಿಡುವುದಿಲ್ಲ. ಪಿಠಲೆ-ಭಾಕ್ರಿ ಅಂಗಡಿಯ ಅಜ್ಜಿಯ ಚಾಪೆಯಲ್ಲಿ ಎರಡು ಭಾನುವಾರ ಆರಾರು ಗಂಟೆ ಕೂತೆ. 2.4 ಬಂತು.

ಮ್ಯೂಆನ್ ಹುಟ್ಟುವುದು ನಮ್ಮ ತಲೆಯ ಮೇಲೆ 15 ಕಿಲೋಮೀಟರ್ ಆಸುಪಾಸಿನಲ್ಲಿ, ಅದರ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರ್ ಸಾಗಬೇಕಷ್ಟೆ. ವೇಗವಾಗಿ ಓಡುವುದರ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನವಾಗುತ್ತದೆ ಎಂಬ ಐನ್‌ಸ್ಟೈನ್ ಮಾತು ನಿಜವಾದ್ದರಿಂದಲೇ ಮಾಟುಂಗದ ಟೆರೇಸಿನವರೆಗೆ ಇಷ್ಟಾದರೂ ತಲುಪುತ್ತವೆ. ಗಡ ಹತ್ತಿದವನಿಗೆ ನಡುವಿನ ಗಾಳಿ ಕಡಿಮೆ, ದಾರಿಯಲ್ಲೇ ಅಳಿದುಹೋಗುವುವೂ ಕಡಿಮೆ.

ಮುಂಬೈ–ಬೆಂಗಳೂರು ವಿಮಾನದಲ್ಲಿ ಈ ತಾಳ್ಮೆಯೇ ಬೇಕಾಗಲಿಲ್ಲ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಒಂಟಿ ಕೊಳವೆಯೇ ನಿಮಿಷಕ್ಕೆ ಇನ್ನೂರರ ಆಸುಪಾಸು ಎಣಿಸಿತು. ಅಲ್ಲಿ ಕಲ್ಲಿನ ಕಾಟವೂ ಇಲ್ಲ.

ಇಳಿದವನು ನೇರ ಅಜ್ಜಿಮನೆಗೆ ಹೋದೆ. ಕೆಜಿಎಫ್ ಗಣಿಯಲ್ಲಿ ಮುಂಬೈಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು 2 ಕಿಲೋಮೀಟರಿಗೂ ಆಳಕ್ಕೆ ಇಳಿದು, ಮೇಲಿನ ಬಂಡೆಯನ್ನೇ ಮ್ಯೂಆನ್ ಸೋಸುವ ಜರಡಿ ಮಾಡಿಕೊಂಡು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿ ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೋ ಕಣ ಹಿಡಿದದ್ದು ಅಲ್ಲಿಗೆ ಹತ್ತಿರದಲ್ಲೇ. ನಾನು ಜಗಲಿಯಲ್ಲೇ ಡಬ್ಬಿ ಇಟ್ಟೆ. ಒಂಟಿ ಕೊಳವೆ ಮತ್ತೆ 38 ಎಂದಿತು. ಜೋಡಿ ಎಣಿಕೆ, ಮೂರು ದಿನ ಕಾದ ಮೇಲೆ, 2.2: ಪುಣೆಗಿಂತ ತುಸು ಮೇಲೆ, ಸಿಂಹಗಡಕ್ಕಿಂತ ಕೆಳಗೆ.