ಮೆಗ್ನೀಸಿಯಂ ಪಟ್ಟಿಯನ್ನು ನಾವು ಎಳೆದ ಬಗೆ

ಎಝಡ್31 ಅಂದರೆ ಮೆಗ್ನೀಸಿಯಂಗೆ ಸುಮಾರು 3% ಅಲ್ಯೂಮಿನಿಯಂ, 1% ಸತು ಬೆರೆತ ಮಿಶ್ರಲೋಹ. ತುಂಬಾ ಹಗುರ. ಆದರೆ ತಣ್ಣಗಿರುವಾಗ ಜಾಸ್ತಿ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಪರಮಾಣುಗಳು ಆರು ಮೂಲೆಯ ಜೋಡಣೆಯಲ್ಲಿ ಕೂತಿರುತ್ತವೆ, ಸುಲಭವಾಗಿ ಜಾರಲು ಒಂದೇ ಬಗೆಯ ಪದರ ಸಿಗುತ್ತದೆ. ಸತುವೂ ಇದೇ ಜಾತಿಯದು. ನಮ್ಮ ಬೀದರಿನ ಬಿದ್ರಿ ಪಾತ್ರೆಯ ಮೈ ಸತುವಿನ ಎರಕವೇ ಅಲ್ವಾ!

ಇಂಥ ಲೋಹವನ್ನು ಕಲಬುರಗಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಬಿಸಿ ಮಾಡಿ, ಮೊದಲಿನ ಉದ್ದದ ಮೂರರಷ್ಟಕ್ಕೂ ಹೆಚ್ಚು ಎಳೆದೆವು. ಲೋಹ ಹರಿಯದೆ ಹೀಗೆ ಬಹಳ ಉದ್ದ ಹಿಗ್ಗುವುದನ್ನೇ ಸೂಪರ್‌ಪ್ಲಾಸ್ಟಿಸಿಟಿ ಅನ್ನುವುದು.

ಮೊದಲು ನೋಡಬೇಕಾದ್ದು ಗ್ರೇನ್, ಅಂದರೆ ಲೋಹದೊಳಗಿನ ಸಣ್ಣ ಸಣ್ಣ ಹರಳು. 10 ಮೈಕ್ರಾನಿಗಿಂತ (ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ) ಸಣ್ಣದಿರಬೇಕು. ಬಿಸಿಯಲ್ಲಿ ರೋಲ್ ಮಾಡಿದ ಹಾಳೆ ತರಿಸಿ, ಪಾಲಿಶ್ ಮಾಡಿ, ಗ್ರೇನಿನ ಅಂಚು ಕಾಣುವಂತೆ ರಾಸಾಯನಿಕದಿಂದ ಎಚ್ ಮಾಡಿ ನೋಡಿದೆವು. ಕೊನೆಯ ಪಾಲಿಶ್‌ಗೆ ನೀರು ಬೇಡ, ಆಲ್ಕೋಹಾಲ್ ಬಳಸಿ. ನೀರು ತಾಗಿದರೆ ಮೇಲ್ಮೈ ಕಲೆಗಟ್ಟುತ್ತದೆ. ಕತ್ತರಿಸುವಾಗ ಉದುರುವ ಚೂರು ಬೇಗ ಬೆಂಕಿ ಹಿಡಿಯುತ್ತದೆ. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲೇಬೇಕು. ಆ ಬೆಂಕಿಗೆ ನೀರು ಹಾಕಲೇಬಾರದು.

ಲೋಹವನ್ನು ಎಳೆದು ಪರೀಕ್ಷಿಸುವ ಯಂತ್ರ ಯುಟಿಎಂಗೆ ಫರ್ನೇಸ್ ಕೂಡಿಸಿ 400 ಡಿಗ್ರಿ ಸೆಲ್ಸಿಯಸ್ ಇಟ್ಟೆವು. ಬಿಸಿ ಅಳೆಯುವ ತಂತಿ, ಅಂದರೆ ಥರ್ಮೋಕಪಲ್, ಪಟ್ಟಿಗೇ ತಾಗಿರಬೇಕು. ಫರ್ನೇಸಿನ ಗೋಡೆಯ ಬಿಸಿ ಬೇರೆ, ಪಟ್ಟಿಯ ಬಿಸಿ ಬೇರೆ.

ಇನ್ನು ವೇಗ. ಎಳೆಯುವ ಭಾಗ 10 ಮಿಲಿಮೀಟರ್. ಸೆಕೆಂಡಿಗೆ ಅದರ ಸಾವಿರದ ಒಂದು ಪಾಲು ಎಳೆದರೆ ನಿಮಿಷಕ್ಕೆ 0.6 ಮಿಲಿಮೀಟರ್. ಇನ್ನೂ ಹತ್ತು ಪಟ್ಟು ನಿಧಾನ ಮಾಡಬಹುದು, ಆದರೆ 30 ಮಿಲಿಮೀಟರ್ ಎಳೆಯಲು ಎಂಟು ತಾಸು ದಾಟುತ್ತದೆ. ಅಷ್ಟು ಹೊತ್ತು ಬಿಸಿಯಲ್ಲಿದ್ದರೆ ಗ್ರೇನ್ ದಪ್ಪಗಾಗುತ್ತದೆ, ಕರೆಂಟಿನ ಭರವಸೆಯೂ ಇಲ್ಲ. 0.6 ಸಾಕು ಅಂದೆ. ನಮ್ಮ ಅಟೆಂಡರ್ ಬಂದು ನೋಡಿ, "ಸರ್, ಮಷೀನ್ ನಿಂತದೇನ್ರಿ?" ಅಂದರು. ಕಣ್ಣಿಗೆ ಕಾಣುವ ಚಲನೆಯೇ ಅಲ್ಲ ಅದು.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು, ನಡು ಸಣ್ಣಗಾಗದೆ ಇಡೀ ಪಟ್ಟಿ ಒಂದೇ ಸಮ ತೆಳ್ಳಗಾಗುವುದು. ಎಲ್ಲಿ ತುಸು ಸಣ್ಣಗಾಯಿತೋ ಅಲ್ಲಿ ಎಳೆತದ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಲ್ಲಿ ಲೋಹ ಗಟ್ಟಿಯಾಗಿ ತಡೆಯುತ್ತದೆ, ಉಳಿದ ಭಾಗ ಎಳೆಯುತ್ತಾ ಹೋಗುತ್ತದೆ. ಈ ತಡೆಯ ಅಳತೆಗೆ ಎಂ ಅನ್ನುತ್ತಾರೆ. ಅದು 0.5 ಇದ್ದರೆ, ವೇಗ ದುಪ್ಪಟ್ಟಾದಾಗ ಒತ್ತಡ 1.41 ಪಟ್ಟು ಆಗುತ್ತದೆ. ಸೂಪರ್‌ಪ್ಲಾಸ್ಟಿಕ್ ಅನ್ನಬೇಕಾದರೆ ಎಂ ಇದರ ಆಸುಪಾಸಿರಬೇಕು. ಪರೀಕ್ಷೆಯ ನಡುವೆ ವೇಗ ಬದಲಿಸಿ ಇದನ್ನು ತಿಳಿಯಬಹುದು.

ಇನ್ನೊಂದು ಪಟ್ಟಿಯ ಮೇಲೆ ಸಣ್ಣ ಗೆರೆ ಗೀರಿ, ಪಟ್ಟಿಯನ್ನು ಸ್ವಲ್ಪವೇ ಎಳೆದು ನಿಲ್ಲಿಸಿದೆವು. ಮೈಕ್ರೋಸ್ಕೋಪಿನಲ್ಲಿ ನೇರ ಗೆರೆ ಗ್ರೇನಿನ ಅಂಚಿಗೆ ಬಂದಲ್ಲೆಲ್ಲ ತುಂಡಾಗಿ, ಪಕ್ಕಕ್ಕೆ ಸರಿದಿತ್ತು. ಗ್ರೇನ್‌ಗಳು ಒಂದರ ಪಕ್ಕ ಒಂದು ಜಾರಿದ್ದಕ್ಕೆ ಇದೇ ಸಾಕ್ಷಿ. ಪೂರ್ತಿ ಎಳೆದು ತುಂಡಾದ ಪಟ್ಟಿಯಲ್ಲಿ, ತುದಿಯ ಹತ್ತಿರ, ಇದೇ ಅಂಚುಗಳಲ್ಲಿ ಸಣ್ಣ ತೂತುಗಳು ಕಂಡವು. ಅವು ಕೂಡಿಕೊಂಡಲ್ಲೇ ಪಟ್ಟಿ ಹರಿದಿತ್ತು.