ಮುದ್ದೆ ನುಂಗುವ ಮನೆಯಲ್ಲಿ ತೂಕ ಇಳಿಕೆಯ ಶಸ್ತ್ರಚಿಕಿತ್ಸೆಗೆ ನಡೆಸಿದ ಸಿದ್ಧತೆ

ಶಸ್ತ್ರಚಿಕಿತ್ಸೆಯನ್ನು ನಿರ್ಧರಿಸಿದಾಗ ನನ್ನ ಎತ್ತರ 158 ಸೆಂ.ಮೀ., ತೂಕ 104 ಕೆ.ಜಿ. ಇತ್ತು, ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 41 ದಾಟಿತ್ತು. ಮಾತ್ರೆ, ಇನ್ಸುಲಿನ್ ಎರಡಕ್ಕೂ ಬಗ್ಗದ ಸಕ್ಕರೆ ಕಾಯಿಲೆಯ ಜೊತೆಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ (ಸ್ಲೀಪ್ ಅಪ್ನಿಯಾ) ಇತ್ತು. ನಾನು ಮಂಡ್ಯ ಕಡೆಯ ಪ್ರೌಢಶಾಲಾ ಶಿಕ್ಷಕಿ. ಈ ಶಸ್ತ್ರಚಿಕಿತ್ಸೆಯ ಬಗ್ಗೆ ನನ್ನನ್ನು ವಿಚಾರಿಸುವವರು ಹೆಚ್ಚಾಗಿ ಕೇಳುವುದು ಆಪರೇಷನ್ ಕೋಣೆಯ ಸಂಗತಿಯನ್ನು. ನನಗೆ ಹೇಳಬೇಕೆನಿಸುವುದು ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನು.

ಮೊದಲು ವಿಮೆಯ ಮಾತು. ಏಷ್ಯಾದವರಿಗೆ ಬಿಎಂಐ 27.5 ದಾಟಿದರೆ ಈ ಚಿಕಿತ್ಸೆಯನ್ನು ನೀಡಬಹುದೆಂದು 2022ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಘಗಳು ಹೇಳಿದ್ದರೂ, ನಮ್ಮ ದೇಶದ ಆರೋಗ್ಯ ವಿಮೆಯ ನಿಯಮ ಅದಕ್ಕಿಂತ ಬಿಗಿಯಾಗಿದೆ: ವಯಸ್ಸು 18 ದಾಟಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಇರಬೇಕು, ಇಲ್ಲವೇ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ ಅಥವಾ ತೀವ್ರ ಸ್ಲೀಪ್ ಅಪ್ನಿಯಾದಂತಹ ತೊಂದರೆಯೊಂದಿಗೆ 35 ಇದ್ದು, ಬೇರೆ ಚಿಕಿತ್ಸೆಗಳು ಫಲಿಸದೇ ಇರಬೇಕು. ಆದ್ದರಿಂದ ಆಹಾರ ತಜ್ಞರ ಹಳೆಯ ಚೀಟಿಗಳು, ಔಷಧಿಯ ಬದಲಾವಣೆಗಳು, ನಿದ್ರಾ ಪರೀಕ್ಷೆಯ ವರದಿ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಇಟ್ಟುಕೊಂಡೆ.

ನನ್ನ ಮುಂದೆ ಇದ್ದದ್ದು ಎರಡು ವಿಧಾನ, ಸ್ಲೀವ್ ಮತ್ತು ಬೈಪಾಸ್. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲವೊಂದನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎಂಡೋಸ್ಕೋಪಿಯಲ್ಲಿ ನನ್ನ ಅನ್ನನಾಳದ ಕೆಳತುದಿ ಹುಳಿತೇಗಿನಿಂದ ಉರಿದು ಕೆಂಪಾಗಿರುವುದು ಕಂಡಿತು. ಸ್ಲೀವ್ ಆದವರಲ್ಲಿ ಹುಳಿತೇಗು ಹೆಚ್ಚುವ ಸಾಧ್ಯತೆ ಇರುವುದರಿಂದ ವೈದ್ಯರು ಬೈಪಾಸ್ ಸೂಚಿಸಿದರು. ರಕ್ತದಲ್ಲಿ ಬಿ12 ಮತ್ತು ಡಿ ವಿಟಮಿನ್ ಎರಡೂ ಕಡಿಮೆ ಇದ್ದುದರಿಂದ ಅವನ್ನು ಮೊದಲೇ ಸರಿಪಡಿಸಿಕೊಂಡೆವು. ಹೊಗೆಸೊಪ್ಪು, ಬೀಡಿ, ಸಿಗರೇಟಿನ ಅಭ್ಯಾಸ ಇರುವವರು ಅದನ್ನು ವಾರಗಳ ಮೊದಲೇ ಬಿಡಬೇಕು. ನಿಕೋಟಿನ್ ಗಾಯ ಮಾಯುವುದನ್ನು ತಡೆಯುತ್ತದೆ, ಹೊಗೆ ಸೇದುವವರಿಗೆ ಜೋಡಣೆಯ ಜಾಗದಲ್ಲಿ ಹುಣ್ಣಾಗುವ ಅಪಾಯವೂ ಹೆಚ್ಚು.

ನಿಜವಾದ ಸಿದ್ಧತೆ ಊಟದ್ದು. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹೊಸ ಚೀಲಕ್ಕೆ ಅದು ಸಲ್ಲದು, ಅಲ್ಲಿಗೆ ಹೋಗುವ ತುತ್ತು ಬಾಯಲ್ಲೇ ನುಣ್ಣಗಾಗಿರಬೇಕು. ನಾನು ಅಗಿದು ತಿನ್ನುವುದನ್ನು ರೂಢಿಸಿಕೊಳ್ಳಲು ಕುಳಿತಾಗ ಅತ್ತೆಯವರು, "ಮುದ್ದೇನ ಯಾರಾದ್ರೂ ಅಗ್ದು ತಿಂತಾರೇನವ್ವ?" ಎಂದು ಕೇಳಿದರು. ಕಾರಣವನ್ನು ವಿವರಿಸಿದ ಮೇಲೆ, ಬಡಿಸುವ ಕ್ರಮವನ್ನು ಬದಲಾಯಿಸಿದವರೂ ಅವರೇ: ಮೊದಲು ಕಾಳು ಅಥವಾ ಮೊಟ್ಟೆ, ಆಮೇಲೆ ತರಕಾರಿ, ಜಾಗ ಉಳಿದರೆ ಮಾತ್ರ ಮುದ್ದೆ ಅಥವಾ ಅನ್ನ. ಊಟದ ಜೊತೆ ನೀರು, ಮಜ್ಜಿಗೆ ಕುಡಿಯುವುದನ್ನು ನಿಲ್ಲಿಸಿ, ಉಂಡ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯುವುದನ್ನೂ ಆಗಲೇ ಅಭ್ಯಾಸ ಮಾಡಿಕೊಂಡೆ. ಪಾಠ ಹೇಳಿ ಗಂಟಲು ಒಣಗುವ ನಮ್ಮಂತಹವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ.

ಕೊನೆಯ ಎರಡು ವಾರ ಪಿಷ್ಟ ತೀರ ಕಡಿಮೆ ಇರುವ ದ್ರವಾಹಾರ. ಜಠರದ ಮೇಲೆ ಒರಗಿರುವ ಯಕೃತ್ತು ಕೊಬ್ಬಿನಿಂದ ಊದಿಕೊಂಡಿದ್ದರೆ ಶಸ್ತ್ರವೈದ್ಯರ ಕೈಗೆ ಅಡ್ಡ ಬರುತ್ತದೆ, ಈ ಪಥ್ಯದಿಂದ ಅದು ಕುಗ್ಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಈ ದಿನಗಳಲ್ಲಿ ಇನ್ಸುಲಿನ್ ಪ್ರಮಾಣವನ್ನು ವೈದ್ಯರನ್ನು ಕೇಳಿ ತಗ್ಗಿಸಿಕೊಳ್ಳಲೇಬೇಕು. ಇಲ್ಲವಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಶಸ್ತ್ರಚಿಕಿತ್ಸೆ ಸಣ್ಣ ರಂಧ್ರಗಳ ಮೂಲಕವೇ ನಡೆಯಿತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಅಂದು ಸಂಜೆಯೇ ನಡೆಸಿದರು. ಮನೆಗೆ ಬಂದ ಮೇಲೆ ನನ್ನ ಪತಿ ನಾಡಿ ಮತ್ತು ಜ್ವರವನ್ನು ಬರೆದಿಡುತ್ತಿದ್ದರು, ಏಕೆಂದರೆ ನಾಡಿ 120 ದಾಟುವುದು, ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಎಡ ಭುಜದ ನೋವು ಇವು ಹೊಲಿಗೆಯ ಜಾಗದಲ್ಲಿ ಸೋರಿಕೆಯ ಸೂಚನೆಯಾಗಿರಬಹುದು. ಹಾಗಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ತಿಳಿಸಾರು, ಸೋಸಿದ ಬೇಳೆಕಟ್ಟು, ಆಮೇಲೆ ನೀರು ಮಜ್ಜಿಗೆ ಮತ್ತು ಪ್ರೊಟೀನ್ ಪುಡಿ, ಆಮೇಲೆ ನುಣ್ಣಗೆ ಅರೆದ ಹೆಸರುಬೇಳೆ, ಮೆತ್ತನೆಯ ಮೊಟ್ಟೆ, ಹೀಗೆ ಹಂತಹಂತವಾಗಿ ಮುಂದುವರಿಯಲು ಒಂದೆರಡು ತಿಂಗಳು ಬೇಕಾಯಿತು. ಈ ಅವಧಿಯಲ್ಲಿ ಬಂದುಹೋದ ನೆಂಟರೆಲ್ಲ ಪ್ರೀತಿಯಿಂದ ಸೂಚಿಸಿದ್ದು ರಾಗಿ ಗಂಜಿ. ರಾಗಿ ಒಳ್ಳೆಯ ಧಾನ್ಯವೇ, ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಸುಮಾರು 7 ಗ್ರಾಂ ಪ್ರೊಟೀನ್. ನನಗೆ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕಿತ್ತು. ಕೆಲವೇ ಚಮಚ ಹಿಡಿಸುವ ಹೊಟ್ಟೆಯನ್ನು ಗಂಜಿಯಿಂದ ತುಂಬಿಸಿದರೆ ಕಾಳಿಗೂ ಮೊಟ್ಟೆಗೂ ಜಾಗವೇ ಇರುವುದಿಲ್ಲ. ಸೋಮವಾರ ಮತ್ತು ಶನಿವಾರ ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲದ ಕಾರಣ ಆ ದಿನಗಳಿಗೆ ಪನೀರ್, ಗಟ್ಟಿ ಮೊಸರು, ಪ್ರೊಟೀನ್ ಪುಡಿಯ ಲೆಕ್ಕವನ್ನು ಹಿಂದಿನ ರಾತ್ರಿಯೇ ಹಾಕಿಡುತ್ತೇನೆ.

ಶುಭಕಾರ್ಯಗಳ ಊಟದಲ್ಲಿ ಎಲೆಯ ತುದಿಗೆ ಬರುವ ಕೋಸಂಬರಿ ನನ್ನ ಪಾಲಿಗೆ ಮುಖ್ಯ ಊಟ. ಬೀಗರೂಟದಲ್ಲಿ ಒಣ ಮಾಂಸದ ತುಂಡು ಸಿಕ್ಕಿಕೊಂಡಂತಾಗುವುದರಿಂದ ಕೈಮಾ ಇದ್ದರೆ ಅದನ್ನೇ ಕೇಳುತ್ತೇನೆ. ಒಬ್ಬಟ್ಟು, ಪಾಯಸವನ್ನು ಮುಟ್ಟುವುದಿಲ್ಲ. ಬೈಪಾಸ್ ಆದವರಲ್ಲಿ ಸಿಹಿ ನೇರವಾಗಿ ಕರುಳಿಗೆ ಇಳಿದು ಬೆವರು, ಎದೆಬಡಿತ, ಭೇದಿ ಬರಬಹುದು, ಇದನ್ನು ಡಂಪಿಂಗ್ ಎನ್ನುತ್ತಾರೆ. ಬಡಿಸುವವರ ಒತ್ತಾಯ ನಮ್ಮಲ್ಲಿ ಗೌರವದ ಒಂದು ರೂಪ, ಆದ್ದರಿಂದ ಎಲೆಯಲ್ಲಿ ಬಿಟ್ಟು ಏಳುವುದಕ್ಕಿಂತ ಕೂರುವ ಮೊದಲೇ ಮನೆಯವರಿಗೆ ಹೇಳಿಬಿಡುವುದು ಉತ್ತಮ.

ಇನ್ಸುಲಿನ್ ಬೇಗ ನಿಂತಿತು, ಮಾತ್ರೆ ಒಂದಕ್ಕಿಳಿಯಿತು. ಮೂರನೆಯ ತಿಂಗಳಿನಿಂದ ಕೂದಲು ಹಿಡಿಹಿಡಿಯಾಗಿ ಉದುರಿತು. ಇದು ಸಾಮಾನ್ಯ, ಪ್ರೊಟೀನ್ ಸರಿಯಾಗಿದ್ದರೆ ಮತ್ತೆ ಬೆಳೆಯುತ್ತದೆ ಎಂದಿದ್ದರು, ಹಾಗೆಯೇ ಆಯಿತು. ಈಗ ತೂಕ 71 ಕೆ.ಜಿ. "ಕಾಯಿಲೆಯೇನಾದರೂ ಬಂದಿತ್ತೇ, ಇಷ್ಟು ಸೊರಗಿದ್ದೀರಿ" ಎಂಬ ಪ್ರಶ್ನೆಗೆ ಆಪರೇಷನ್ ಆಯಿತೆಂದು ನೇರವಾಗಿಯೇ ಹೇಳುತ್ತೇನೆ. ಮುಚ್ಚಿಡಬೇಕಾದ ಸಂಗತಿ ಇದಲ್ಲ.

ವಿಟಮಿನ್ ಮಾತ್ರೆಗಳು ಜೀವನಪರ್ಯಂತ. ಕಬ್ಬಿಣದ ಮಾತ್ರೆಯನ್ನು ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು, ಕ್ಯಾಲ್ಸಿಯಂ ಸಿಟ್ರೇಟನ್ನು ಮಧ್ಯಾಹ್ನ ಮತ್ತು ರಾತ್ರಿ ತೆಗೆದುಕೊಳ್ಳುತ್ತೇನೆ, ಒಂದು ಮತ್ತೊಂದನ್ನು ಹೀರಲು ಬಿಡದ ಕಾರಣ ಎರಡರ ನಡುವೆ ಕನಿಷ್ಠ ಎರಡು ಗಂಟೆಯ ಅಂತರ ಇರಬೇಕು. ಮಂಡಿನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ನನಗೆ ನಿಷಿದ್ಧ; ಊರಿನ ಔಷಧಿ ಅಂಗಡಿಯವರಿಗೂ ಇದನ್ನು ತಿಳಿಸಿದ್ದೇನೆ. ವಾಂತಿ ನಿಲ್ಲದೆ ಮುಂದುವರಿದರೆ ಬಿ1 ವಿಟಮಿನ್ ಬೇಗ ಬರಿದಾಗಿ ನರಗಳಿಗೆ ಹಾನಿಯಾಗುತ್ತದೆಂದು ವೈದ್ಯರು ಮೊದಲ ದಿನವೇ ಎಚ್ಚರಿಸಿದ್ದರು. ವರ್ಷಕ್ಕೊಮ್ಮೆ ಬಿ12, ಡಿ, ಕಬ್ಬಿಣ, ಕ್ಯಾಲ್ಸಿಯಂ ಪರೀಕ್ಷೆಗೆ ಬೇಸಿಗೆ ರಜೆಯ ಮೊದಲ ವಾರವನ್ನು ಮೀಸಲಿಟ್ಟಿದ್ದೇನೆ.