ನೀರಿನಲ್ಲಿ ಆಮ್ಲಜನಕ ಸೊನ್ನೆ, ಆದರೂ ಅಮೋನಿಯಾ ಇಳಿಯಿತು

ನಾನು ನೋಡಿಕೊಳ್ಳುವ ನಾಲ್ಕು ಅಪಾರ್ಟ್‌ಮೆಂಟ್ ಎಸ್‌ಟಿಪಿಗಳಲ್ಲಿ, ಎಂದರೆ ಕೊಳಚೆ ಶುದ್ಧೀಕರಣ ಘಟಕಗಳಲ್ಲಿ, ಬೆಂಗಳೂರಿನ ವರ್ತೂರು ಕಡೆಯದೊಂದಿದೆ. ಅಲ್ಲಿಂದ ವರ್ಷಪೂರ್ತಿ ಬರುತ್ತಿದ್ದುದು ಒಂದೇ ದೂರು: ಶುದ್ಧೀಕರಿಸಿ ಶೌಚಾಲಯಕ್ಕೆ ಮರಳಿ ಕೊಡುವ ಫ್ಲಶ್ ನೀರು ನಾರುತ್ತದೆ. 320 ಮನೆ, ದಿನಕ್ಕೆ ಸುಮಾರು 150 ಸಾವಿರ ಲೀಟರ್ ಕೊಳಚೆ. ಬಿಒಡಿ (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ) ಪರೀಕ್ಷೆಯಲ್ಲಿ ಪಾಸು, ನೋಡಲು ನೀರು ತಿಳಿ. ಅಮೋನಿಯಾ ಮಾತ್ರ ಒಂದು ವಾರ ಲೀಟರಿಗೆ 6 ಮಿಲಿಗ್ರಾಂ, ಮರುವಾರ 20. ಟ್ಯಾಂಕಿಗೆ ಗಾಳಿ ಊದುವ ಬ್ಲೋವರನ್ನು ಜಾಸ್ತಿ ಹೊತ್ತು ಓಡಿಸಿದರೆ ಅಮೋನಿಯಾ ಇಳಿಯುತ್ತಿತ್ತು, ಅದರ ಜಾಗದಲ್ಲಿ ಸಾರಜನಕದ ಇನ್ನೊಂದು ರೂಪವಾದ ನೈಟ್ರೇಟ್ ಏರುತ್ತಿತ್ತು. ನಮ್ಮ ಅನುಮತಿ ಪತ್ರದಲ್ಲಿ ಅಮೋನಿಯಾ ಸಾರಜನಕ 5, ಒಟ್ಟು ಸಾರಜನಕ 10 ಮೀರಬಾರದು ಎಂದಿದೆ. ಒಂದು ಸರಿಮಾಡಲು ಹೋದರೆ ಇನ್ನೊಂದು ತಪ್ಪುತ್ತಿತ್ತು.

ಉಳಿಕೆ ನೀರು ಸೇರುವುದು ರಾಜಕಾಲುವೆಗೆ, ಅಲ್ಲಿಂದ ವರ್ತೂರು ಕೆರೆಗೆ. ಬೆಳ್ಳಂದೂರಿನ ಕೋಡಿ ನೀರೂ ಬರುವುದು ಆ ಕೆರೆಗೇ. ಅಲ್ಲಿ ಅಂತರಗಂಗೆ ಹಾಸುಗಂಬಳಿಯಂತೆ ಹಬ್ಬಿದ್ದನ್ನು ನೋಡಿದವರಿಗೆ ಸಾರಜನಕ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಆ ಗೊಬ್ಬರದಲ್ಲಿ ನಾನು ಸಹಿ ಹಾಕುವ ಘಟಕದ ಪಾಲೂ ಇದೆ ಎನ್ನುವುದು ನನಗೆ ನಿದ್ದೆ ಕೆಡಿಸುವ ಸಂಗತಿಯಾಗಿತ್ತು.

ಇದಕ್ಕೆ ಮದ್ದಾಗಬಹುದಾದ, ಪೊರೆಯ ಮೂಲಕ ಗಾಳಿ ಕೊಡುವ ಪದ್ಧತಿಯನ್ನು, ಎಂದರೆ ಎಂಎಬಿಆರ್ ಅನ್ನು, ನಾನು ಓದಿನಲ್ಲಷ್ಟೇ ಕಂಡಿದ್ದೆ. ಹೆಸರು ಕೇಳಿದ ಕೂಡಲೇ ಹೆಚ್ಚಿನವರು ಎಂಬಿಆರ್ ಎಂದುಕೊಳ್ಳುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಎಂಬಿಆರ್‌ನ ಪೊರೆ ನೀರನ್ನು ಸೋಸುತ್ತದೆ. ಇಲ್ಲಿ ಪೊರೆಯ ಮೂಲಕ ಒಂದು ಹನಿ ನೀರೂ ಹಾಯುವುದಿಲ್ಲ. ಕೊಳವೆಯ ಒಳಗೆ ಗಾಳಿ, ಹೊರಗೆ ಕೊಳಚೆ. ಆಮ್ಲಜನಕ ಕೊಳವೆಯ ಗೋಡೆಯಲ್ಲಿ ಕರಗಿ, ನುಸುಳಿ, ಹೊರಮೈಗೆ ಅಂಟಿಕೊಂಡ ಬ್ಯಾಕ್ಟೀರಿಯಾದ ಲೋಳೆಗೆ ನೇರವಾಗಿ ಸೇರುತ್ತದೆ. ಗುಳ್ಳೆಯೇ ಏಳುವುದಿಲ್ಲ.

ಗುಳ್ಳೆಯ ನಷ್ಟ ನಮ್ಮ ಕಸುಬಿನವರಿಗೆಲ್ಲ ಗೊತ್ತಿದ್ದದ್ದೇ. ಟ್ಯಾಂಕಿನ ತಳದಲ್ಲಿ ಸಣ್ಣ ಗುಳ್ಳೆ ಎಬ್ಬಿಸುವ ಡಿಫ್ಯೂಸರ್ ಶುದ್ಧ ನೀರಿನಲ್ಲಿ ಒಂದು ಮೀಟರ್ ಆಳಕ್ಕೆ ನೂರಕ್ಕೆ 6ರಷ್ಟು ಆಮ್ಲಜನಕ ಕರಗಿಸುತ್ತದೆ. ನಮ್ಮ ಟ್ಯಾಂಕಿನಲ್ಲಿ ನೀರಿನ ಆಳ 3 ಮೀಟರ್, ಅಂದರೆ 18. ಸೋಪು, ಜಿಡ್ಡು ತುಂಬಿದ ಕೊಳಚೆಯಲ್ಲಿ ಅದರ ಅರ್ಧವೂ ಅನುಮಾನ. ದುಡ್ಡು ಕೊಟ್ಟು ಊದಿದ ಆಮ್ಲಜನಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮೇಲೆ ಬಂದು ಒಡೆದು ಹೋಗುತ್ತದೆ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಸ್ಲಡ್ಜ್ ಪದ್ಧತಿಯನ್ನು, ಎಂದರೆ ಗಾಳಿ ಊದಿ ಬ್ಯಾಕ್ಟೀರಿಯಾದ ಕೆಸರಿನಿಂದ ಕೊಳಚೆ ತೊಳೆಯುವುದನ್ನು, ಪ್ರಕಟಿಸಿದಂದಿನಿಂದ ನಾವು ಮಾಡುತ್ತ ಬಂದಿರುವುದು ಇದನ್ನೇ.

ದೊಡ್ಡ ಕಂಪನಿಗಳ ಸಿದ್ಧ ಪೊರೆಯ ಮಾಡ್ಯೂಲ್ ತರಿಸುವ ಶಕ್ತಿ ನಮ್ಮ ಅಸೋಸಿಯೇಷನ್‌ಗೆ ಇರಲಿಲ್ಲ. ಕಾಗದ ತೋರಿಸಿ ಅವರನ್ನು ಒಪ್ಪಿಸುವುದೂ ನನಗೆ ಬೇಡವಾಗಿತ್ತು. ಮೊದಲು ನಾನೇ ಕಣ್ಣಾರೆ ನೋಡಬೇಕಿತ್ತು. ಕಳೆದ ವರ್ಷ ಯುಗಾದಿ ಮುಗಿದ ವಾರ 200 ಲೀಟರಿನ ಒಂದು ನೀಲಿ ಡ್ರಮ್ಮು ಹಿಡಿದು ಕೂತೆ.

ಎಸ್.ಪಿ. ರಸ್ತೆಯಿಂದ ನೂರು ಮೀಟರ್ ಸಿಲಿಕೋನ್ ಕೊಳವೆ ತಂದೆ. ಹೊರವ್ಯಾಸ 6 ಮಿಲಿಮೀಟರ್, ಒಳವ್ಯಾಸ 4. ಪಿವಿಸಿ ಕೊಳವೆ ನೋಡಲು ಹಾಗೇ ಇರುತ್ತದೆ, ಅರ್ಧ ಬೆಲೆಗೂ ಸಿಗುತ್ತದೆ. ಅದನ್ನು ತರಬೇಡಿ. ಆಮ್ಲಜನಕವನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡುವ ಗುಣ ಸಿಲಿಕೋನಿನದು. ಕೊಳವೆಯನ್ನು ಹತ್ತು ಮೀಟರಿನ ಹತ್ತು ಸಾಲಾಗಿ ಕತ್ತರಿಸಿ, ಪಿವಿಸಿ ಪೈಪಿನ ಚೌಕಟ್ಟಿಗೆ ಬೆರಳು ತೂರುವಷ್ಟು ಸಂದು ಬಿಟ್ಟು ಸುತ್ತಿದೆವು. ಹತ್ತರ ಒಂದು ತುದಿಗೆ ಅಕ್ವೇರಿಯಂ ಪಂಪು, ಇನ್ನೊಂದು ತುದಿ ಡ್ರಮ್ಮಿನ ಹೊರಗೆ. ಒಟ್ಟು ಮೇಲ್ಮೈ ಹತ್ತಿರ ಹತ್ತಿರ 1.9 ಚದರ ಮೀಟರ್. ಹೈಪೋ (ಕ್ಲೋರಿನ್ ದ್ರಾವಣ) ಹಾಕಲು ಇಟ್ಟಿದ್ದ ಹೆಚ್ಚುವರಿ ಡೋಸಿಂಗ್ ಪಂಪಿನಿಂದ ದಿನಕ್ಕೆ 50 ಲೀಟರ್ ತಿಳಿಯಾದ ಕೊಳಚೆ ಒಳಗೆ, ಅಷ್ಟೇ ಹೊರಗೆ. ನೀರು ಮೆಲ್ಲಗೆ ತಿರುಗಲು ಕಾರಂಜಿಗೆ ಹಾಕುವ ಒಂದು ಪುಟ್ಟ ಪಂಪು. ಮೇಲಿಂದ ಗಾಳಿ ಸೇರದಿರಲೆಂದು ಥರ್ಮಾಕೋಲ್ ತೇಲಿಬಿಟ್ಟೆವು. ಏರೇಷನ್ ಟ್ಯಾಂಕಿನ ಹತ್ತು ಲೀಟರ್ ಸ್ಲಡ್ಜ್ ಹೆಪ್ಪಿಗೆ.

ಮೂರು ವಾರ ಏನೂ ಆಗಲಿಲ್ಲ. ಕೊಳವೆಗೆ ತೆಳ್ಳನೆ ಬೂದು ಲೋಳೆ ಬಂತು, ಅಮೋನಿಯಾ ಒಳಗೆ 42, ಹೊರಗೆ 38. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುವ ಜಾತಿ, ಗೊತ್ತಿದ್ದರೂ ಕಾಯುವುದು ಕಷ್ಟ. ನಾಲ್ಕನೇ ವಾರದ ಕೊನೆಗೆ ಲೋಳೆ ಕಂದು ಬಣ್ಣಕ್ಕೆ ತಿರುಗಿತು. ಹೊರಗಿನ ಅಮೋನಿಯಾ 24, ನಾಲ್ಕು ದಿನಕ್ಕೆ 15, ಆರನೇ ವಾರ 6. ಅಕ್ವೇರಿಯಂ ಅಂಗಡಿಯ ಕಿಟ್ಟಿನಲ್ಲಿ ಹತ್ತು ಪಟ್ಟು ನೀರು ಬೆರೆಸಿ ನೋಡುತ್ತಿದ್ದೆ. ನಂಬಿಕೆ ಬರದೆ ಹೊರಗಿನ ಪ್ರಯೋಗಾಲಯಕ್ಕೂ ಕಳಿಸಿದೆ, ಅಲ್ಲೂ 6ರ ಆಸುಪಾಸೇ ಬಂತು.

ನನ್ನನ್ನು ಬೆರಗುಗೊಳಿಸಿದ್ದು ಬೇರೆ. ಡ್ರಮ್ಮಿನ ನೀರಿಗೆ ಡಿಒ, ಎಂದರೆ ಕರಗಿದ ಆಮ್ಲಜನಕ, ಅಳೆಯುವ ಮೀಟರ್ ಇಳಿಸಿದರೆ 0.1. ಅಂದರೆ ನೀರಿನಲ್ಲಿ ಆಮ್ಲಜನಕವೇ ಇಲ್ಲ. ಅಮೋನಿಯಾ ಇಳಿಯಬೇಕಾದರೆ ಟ್ಯಾಂಕಿನಲ್ಲಿ ಡಿಒ 2 ಇರಲೇಬೇಕು ಎಂದು ಕಲಿತು, ಹತ್ತಾರು ಆಪರೇಟರುಗಳಿಗೆ ಕಲಿಸಿದವಳು ನಾನು. ಹಿರಿಯ ಸಹೋದ್ಯೋಗಿಯೊಬ್ಬರು ಬಂದು ನೋಡಿ, 'ನಿಮ್ಮ ಮೀಟರ್ ಕೆಟ್ಟಿರಬೇಕು, ಬದಲಾಯಿಸಿ' ಅಂದರು. ಮೀಟರ್ ಸರಿ ಇತ್ತು. ಆಮ್ಲಜನಕ ನೀರಿಗೆ ಬರುವ ಮೊದಲೇ ಲೋಳೆಯಲ್ಲಿ ಖರ್ಚಾಗುತ್ತಿತ್ತು.

ಇದನ್ನು ನಮ್ಮ ಆಪರೇಟರ್ ಹುಡುಗನಿಗೆ ನಾನು ಹೇಳಿದ ರೀತಿ ಹೀಗೆ. ಲೋಳೆಯನ್ನು ಒಂದು ಮನೆ ಅಂದುಕೋ. ಕಲ್ಲಿನ ಮೇಲಿನ ಲೋಳೆಗೆ, ತೇಲುಬಿಲ್ಲೆಯ ಘಟಕವಾದ ಎಂಬಿಬಿಆರ್‌ನ ಪ್ಲಾಸ್ಟಿಕ್ ಬಿಲ್ಲೆಯ ಲೋಳೆಗೆ, ಊಟವೂ ಗಾಳಿಯೂ ಮುಂಬಾಗಿಲಿನಿಂದಲೇ ಬರಬೇಕು. ಬಾಗಿಲಲ್ಲಿ ಕೂತ ಹೊಟ್ಟೆಬಾಕರು, ಅಂದರೆ ಬಿಒಡಿ ತಿನ್ನುವವರು, ಎರಡನ್ನೂ ಮುಗಿಸಿಬಿಡುತ್ತಾರೆ. ಒಳಗಿದ್ದವರಿಗೆ ಏನೂ ಸಿಗುವುದಿಲ್ಲ. ನಮ್ಮ ಕೊಳವೆಯ ಮನೆಗೆ ಹಿತ್ತಿಲ ಬಾಗಿಲಿದೆ, ಗಾಳಿ ಬರುವುದು ಅಲ್ಲಿಂದ. ಹಿತ್ತಿಲಲ್ಲಿ ನೈಟ್ರೊಸೊಮೊನಾಸ್‌ನಂಥ ಅಮೋನಿಯಾ ತಿನ್ನುವವರು ನೆಮ್ಮದಿಯಾಗಿ ಕೂತು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತಾರೆ, ಜೊತೆಗಾರರು ಅದನ್ನು ನೈಟ್ರೇಟ್ ಮಾಡುತ್ತಾರೆ. ಆ ನೈಟ್ರೇಟ್ ಮುಂಬಾಗಿಲ ಕಡೆ ಬರುತ್ತದೆ. ಅಲ್ಲಿ ಊಟ ಬೇಕಾದಷ್ಟಿದೆ, ಗಾಳಿ ಇಲ್ಲ. ಅಲ್ಲಿರುವವರು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಿತ್ತು ಉಸಿರಾಡಿ, ಸಾರಜನಕವನ್ನು ಅನಿಲವಾಗಿ ಬಿಡುತ್ತಾರೆ.

ಹಾಗಾಗಿಯೇ ಡ್ರಮ್ಮಿನಿಂದ ಬರುವ ನೀರಿನಲ್ಲಿ ನೈಟ್ರೇಟ್ 8 ದಾಟಲಿಲ್ಲ. ದೊಡ್ಡ ಟ್ಯಾಂಕಿನಲ್ಲಿ ಅದು 25ಕ್ಕಿಂತ ಕಡಿಮೆ ಆದದ್ದೇ ಇಲ್ಲ. ಕ್ಷಾರದ, ಎಂದರೆ ನೀರು ಹುಳಿಯಾಗದಂತೆ ತಡೆಯುವ ಗುಣದ, ಲೆಕ್ಕವೂ ಇದನ್ನೇ ಹೇಳಿತು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 7.14 ಮಿಲಿಗ್ರಾಂ ಕ್ಷಾರತೆ ಖರ್ಚು, ನೈಟ್ರೇಟ್ ಅನಿಲವಾದರೆ 3.57 ವಾಪಸು. 36 ಮಿಲಿಗ್ರಾಂ ಅಮೋನಿಯಾ ಹೋದದ್ದಕ್ಕೆ 257 ಇಳಿಯಬೇಕಿತ್ತು, ಇಳಿದದ್ದು 160. ದೊಡ್ಡ ಟ್ಯಾಂಕಿಗೆ ತಿಂಗಳು ತಿಂಗಳು ಸುರಿಯುತ್ತಿದ್ದ ಸೋಡಾ ಇಲ್ಲಿ ಬೇಕಾಗಲಿಲ್ಲ.

ಗಾಳಿ ಎಷ್ಟು ಬಿಡಬೇಕು ಎನ್ನುವುದನ್ನು ಕಲಿಸಿದ್ದು ಗ್ಯಾಸ್ ಮೀಟರ್. ಮ್ಯಾನ್‌ಹೋಲ್, ಟ್ಯಾಂಕುಗಳ ಹತ್ತಿರ ಹೋಗುವ ಮುನ್ನ ಆಮ್ಲಜನಕ, ವಿಷಾನಿಲ ನೋಡಲು ಇಟ್ಟ ಸಣ್ಣ ಮೀಟರ್ ಅದು. (ಅದಿದ್ದರೂ ಮನುಷ್ಯನನ್ನು ಟ್ಯಾಂಕಿಗೆ ಇಳಿಸಬೇಡಿ. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಕೆನಿಸುವುದಿಲ್ಲ.) ಅದನ್ನು ಕೊಳವೆಗಳಿಂದ ಹೊರಬರುವ ಗಾಳಿಗೆ ಹಿಡಿದಾಗ ಮೊದಮೊದಲು ಆಮ್ಲಜನಕ ನೂರಕ್ಕೆ 20.6 ತೋರಿಸುತ್ತಿತ್ತು. ಹೊರಗಿನ ಗಾಳಿಯೇ 20.9. ಅಂದರೆ ಪಂಪು ಸುಮ್ಮನೆ ಗಾಳಿ ಹರಿಸುತ್ತಿತ್ತು. ವಾಲ್ವ್ ತಿರುಗಿಸಿ ಕಡಿಮೆ ಮಾಡುತ್ತ ಹೋದೆ. ಒಂದು ಬೆಳಿಗ್ಗೆ ಹುಡುಗನ ಫೋನು: 'ಮೇಡಂ, ಮೀಟರ್ ಒದರಾಕತ್ತೈತ್ರಿ, ಗ್ಯಾಸ್ ಐತೇನ್ರಿ?' 19.5ಕ್ಕಿಂತ ಕೆಳಗಿಳಿದರೆ ಕೂಗುವಂತೆ ಅದಕ್ಕೆ ಅಲಾರಂ ಇಟ್ಟಿರುತ್ತಾರೆ. ಅಂದು ಅದು ತೋರಿಸಿದ್ದು 16.5. ನಾನು ಆಟೋದಲ್ಲಿದ್ದೆ, ಖುಷಿಗೆ ಕಣ್ಣು ತುಂಬಿತು. ಲೆಕ್ಕ ಹಾಕಿದರೆ ಒಳಗೆ ಬಿಟ್ಟ ಆಮ್ಲಜನಕದಲ್ಲಿ ಕಾಲು ಭಾಗ ಲೋಳೆಗೆ ಸೇರುತ್ತಿತ್ತು. ಗಾಳಿಯ ಪ್ರಮಾಣ ನಿಮಿಷಕ್ಕೆ ಬರೀ 120 ಮಿಲಿಲೀಟರ್. ಅಳೆಯುವ ಜಾಡಿಯನ್ನು ನೀರಿನಲ್ಲಿ ಬೋರಲು ಹಾಕಿ, ಗುಳ್ಳೆ ತುಂಬಿಸಿ ಅಳೆದದ್ದು.

ಅದಾದ ಮೇಲೆ ಅಡ್ಡಿಗಳು ಶುರುವಾದವು. ಜುಲೈನಲ್ಲಿ ಅಮೋನಿಯಾ ಮತ್ತೆ 14ಕ್ಕೆ ಹೋಯಿತು. ಹುಡುಗ ಹತ್ತೂ ತುದಿಗಳನ್ನು ಒಂದೊಂದಾಗಿ ಲೋಟದ ನೀರಿಗೆ ಅದ್ದಿ ನೋಡಿದ. 'ಹತ್ತರಾಗ ಮೂರು ಉಸಿರಾಡವಲ್ವು ನೋಡ್ರಿ' ಅಂದ. ನೀರಿನ ಆವಿಯೂ ಸಿಲಿಕೋನ್ ದಾಟಿ ಒಳಬರುತ್ತದೆ, ತಂಪಾದಾಗ ಹನಿಗಟ್ಟಿ ತಗ್ಗಿನಲ್ಲಿ ನಿಲ್ಲುತ್ತದೆ. ಮೂರು ಸಾಲಿನಲ್ಲಿ ನೀರು ಕಟ್ಟಿತ್ತು. ಚೌಕಟ್ಟನ್ನು ಓರೆಮಾಡಿ, ವಾರಕ್ಕೊಮ್ಮೆ ಜೋರಾಗಿ ಊದಿ ತೆಗೆಯುವುದನ್ನು ರೂಢಿ ಮಾಡಿಕೊಂಡೆವು.

ಎರಡನೆಯದು ದೊಡ್ಡದು, ಈ ಪದ್ಧತಿಯ ಜೀವವೇ ಅಲ್ಲಿದೆ: ಲೋಳೆಯ ದಪ್ಪ. ಸೆಪ್ಟೆಂಬರ್ ಹೊತ್ತಿಗೆ ಕೊಳವೆಗಳು ಒಂದಕ್ಕೊಂದು ಅಂಟಿ ಜಡೆಯಾಗಿದ್ದವು. ಲೋಳೆ ದಪ್ಪವಾದರೆ ಅಮೋನಿಯಾ ಒಳಮೈಗೆ ಮುಟ್ಟುವುದೇ ಇಲ್ಲ. ನಾನು ಅವಸರಪಟ್ಟು ತಳದಲ್ಲಿ ಗಾಳಿಕಲ್ಲು ಇಟ್ಟು ಅರ್ಧ ಗಂಟೆ ಜೋರಾಗಿ ಗುಳ್ಳೆ ಎಬ್ಬಿಸಿದೆ. ಲೋಳೆ ಚಿಂದಿಚಿಂದಿಯಾಗಿ ಎದ್ದು ಬಂತು, ಜೊತೆಗೆ ಒಳಗಿನ ಕಂದು ಪದರವೂ. ಅಮೋನಿಯಾ 30 ದಾಟಿತು, ಮತ್ತೆ ದಾರಿಗೆ ಬರಲು ಒಂಬತ್ತು ದಿನ. ಈಗ ಆರು ಗಂಟೆಗೊಮ್ಮೆ ಒಂದು ನಿಮಿಷ ದೊಡ್ಡ ಗುಳ್ಳೆ, ಅಷ್ಟೇ. ದಪ್ಪ ಒಂದು ಮಿಲಿಮೀಟರ್ ಮೀರದಂತೆ ಕಣ್ಣಳತೆಯಲ್ಲಿ ನೋಡಿಕೊಳ್ಳುತ್ತೇವೆ. ಕೂದಲು ಸಿಕ್ಕಿಕೊಳ್ಳುವ ಕಾಟ ಮಾತ್ರ ಇನ್ನೂ ಇದೆ.

ಕರೆಂಟ್ ಹೋದಾಗ ಇದರ ಬೆಲೆ ತಿಳಿಯಿತು. ಮಳೆಗಾಲದ ಒಂದು ರಾತ್ರಿ ಜನರೇಟರ್ ಕೈಕೊಟ್ಟು ಬ್ಲೋವರ್ ಏಳು ಗಂಟೆ ನಿಂತಿತು. ದೊಡ್ಡ ಟ್ಯಾಂಕಿನ ಸ್ಲಡ್ಜ್ ಕಪ್ಪಾಗಿ ಸೋಸಿದ ನೀರು ಎರಡು ದಿನ ನಾರಿತು. ಡ್ರಮ್ಮಿನ ಪಂಪು ಕಾವಲುಗಾರರ ಕೋಣೆಯ ಇನ್ವರ್ಟರಿನಲ್ಲೇ ಓಡುತ್ತಿತ್ತು, ಅದಕ್ಕೆ ಬೇಕಾದದ್ದು 3 ವ್ಯಾಟ್. ಮರುದಿನದ ಅಮೋನಿಯಾ 5.

ಸಮಿತಿಯವರು ಬಂದು ನೋಡಿದರು. 'ಹಾಗಾದರೆ ಇದನ್ನೇ ದೊಡ್ಡದಾಗಿ ಮಾಡಿ' ಅಂದರು. ಅವರ ಮುಂದೆಯೇ ಲೆಕ್ಕ ಬರೆದೆ. ಡ್ರಮ್ಮಿನಲ್ಲಿ ಒಂದು ಚದರ ಮೀಟರ್ ಲೋಳೆ ದಿನಕ್ಕೆ ಸುಮಾರು ಒಂದು ಗ್ರಾಂ ಅಮೋನಿಯಾ ಸಾರಜನಕ ತೆಗೆಯುತ್ತದೆ. ಇಡೀ ಅಪಾರ್ಟ್‌ಮೆಂಟಿನದು ದಿನಕ್ಕೆ 6 ಕಿಲೋ. 6,000 ಚದರ ಮೀಟರ್ ಬೇಕು. ನನ್ನ ಕೊಳವೆಯಲ್ಲಿ ಮಾಡುವುದಾದರೆ 320 ಕಿಲೋಮೀಟರ್, ಬೆಂಗಳೂರಿನಿಂದ ಶಿವಮೊಗ್ಗ ಮುಟ್ಟುವಷ್ಟು ಉದ್ದ. ಕಂಪನಿಗಳು ಕೂದಲೆಳೆಯಂಥ ಟೊಳ್ಳು ನೂಲುಗಳ ಕಂತೆ ಕಟ್ಟುವುದು, ಹಾಳೆಯನ್ನು ಸುರುಳಿ ಸುತ್ತುವುದು ಇದಕ್ಕೇ. ಐರ್ಲೆಂಡಿನ ಆಕ್ಸಿಮೆಮ್ ಸಿಲಿಕೋನ್ ನೂಲಿನಲ್ಲಿ, ಇಸ್ರೇಲಿನ ಎಮೆಫ್ಸಿ ಸುರುಳಿ ಹಾಳೆಯಲ್ಲಿ ಮಾಡಿದ್ದು ಇದನ್ನೇ. ಇನ್ನೊಂದನ್ನೂ ಹೇಳಿದೆ: ಇದು ಇಡೀ ಎಸ್‌ಟಿಪಿ ಅಲ್ಲ. ಮುಂದೆ ಜರಡಿ ಬೇಕು, ಹಿಂದೆ ಕೆಸರು ಇಳಿಸುವ ಟ್ಯಾಂಕು, ಸೋಸುವಿಕೆ, ಕ್ಲೋರಿನ್ ಎಲ್ಲ ಬೇಕು. ನಮ್ಮಂಥ ಹಳೆಯ ಘಟಕಕ್ಕೆ ನನಗೆ ಸರಿ ಕಾಣುವುದು ಇರುವ ಟ್ಯಾಂಕಿನ ಗಾಳಿಯಿಲ್ಲದ ಭಾಗದಲ್ಲಿ ಮಾಡ್ಯೂಲ್ ಇಳಿಸಿ, ಸಾರಜನಕದ ಮೂರನೇ ಒಂದು ಪಾಲನ್ನು ಅದಕ್ಕೆ ವಹಿಸುವುದು. ಉಳಿದದ್ದನ್ನು ಸ್ಲಡ್ಜ್ ನೋಡಿಕೊಳ್ಳುತ್ತದೆ. ಬೆಲೆ ತರಿಸಿ ಎಂದಿದ್ದಾರೆ. ತರಿಸುತ್ತಿದ್ದೇನೆ.

ಅಷ್ಟರಲ್ಲಿ ನಮ್ಮ ಹುಡುಗನನ್ನು ಸರ್ಜಾಪುರ ಕಡೆಯ ಇನ್ನೊಂದು ಘಟಕಕ್ಕೆ ಹಾಕಿದರು. ಹೊರಡುವ ದಿನ ಬಂದು, 'ಮೇಡಂ, ಒಂದು ಸಾಲು ಕೊಡ್ರಿ, ಅಲ್ಲೂ ಡ್ರಮ್ಮ ಮಾಡ್ತೀನಿ' ಅಂದ. ಚೆನ್ನಾಗಿ ಉಸಿರಾಡುತ್ತಿದ್ದ ಎರಡು ಸಾಲು ಬಿಚ್ಚಿ, ಅದೇ ಡ್ರಮ್ಮಿನ ನೀರು ತುಂಬಿದ ಬಕೆಟ್ಟಿನಲ್ಲಿಟ್ಟು, ಮೇಲೆ ಒದ್ದೆ ಗೋಣಿ ಕಟ್ಟಿ ಬೈಕಿನ ಹಿಂದೆ ಕೂರಿಸಿಕೊಟ್ಟೆ. ನಮಗೆ ಆರು ವಾರ ಹಿಡಿದಿತ್ತು. ಹನ್ನೊಂದನೇ ದಿನ ಅವನು ಮೀಟರಿನ ಫೋಟೋ ಕಳಿಸಿದ: 17.2, ಅಲಾರಂ ದೀಪ ಕೆಂಪಗೆ ಹೊತ್ತಿತ್ತು.